ಮೂರನೇ ಪಿನ್ ಕೀಳಬೇಡ್ರಿ, ಗುಂಯ್ ಎಲ್ಲಿಂದ ಬಂತು ಹುಡುಕ್ರಿ



ಶಾಲೆಯ ಆಂಪ್ಲಿಫೈಯರ್‌ಗೆ ಲ್ಯಾಪ್‌ಟಾಪ್ ಹಚ್ಚಿದಾಗ ಸ್ಪೀಕರಿನಿಂದ ‘ಗುಂಯ್’ ಅಂತ ಸದ್ದು ಬರುವುದು ನಿಮಗೆಲ್ಲ ಗೊತ್ತು. ಚಾರ್ಜರ್ ತೆಗೆದರೆ ನಿಲ್ಲುತ್ತದೆ, ಹಾಕಿದರೆ ಮತ್ತೆ ಸುರು. ಇದಕ್ಕೆ ಯಾರಾದರೂ ಒಬ್ಬರು ಹೇಳುವ ಮದ್ದು ಒಂದೇ: “ಮೂರನೇ ಪಿನ್ ಕಿತ್ತುಬಿಡ್ರಿ ಸರ್.” ಕಿತ್ತರೆ ಎಷ್ಟೋ ಸಲ ಸದ್ದು ನಿಲ್ಲುವುದೂ ನಿಜ. ಆದರೆ ಅದೇ ಆಂಪ್ಲಿಫೈಯರ್ ಒಳಗೆ ಫೇಸ್ ವೈರ್ ಕಳಚಿ ಲೋಹದ ಪೆಟ್ಟಿಗೆಗೆ ತಾಗಿದ ದಿನ, ಮೈಕ್ ಹಿಡಿದು ನಿಂತ ಮಗುವೇ ಅರ್ಥ್ ಆಗುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಶಾಲೆಯಲ್ಲಿ ಯಾವ ಕಾರಣಕ್ಕೂ ಅರ್ಥ್ ಪಿನ್ ತೆಗೆಯಬಾರದು. ಆ ಸದ್ದು ಎಲ್ಲಿಂದ ಬಂತು ಅಂತ ಹುಡುಕುವುದನ್ನೇ ಪಾಠ ಮಾಡಬೇಕು.

ಸದ್ದಿನ ಕಾರಣ ಮೊದಲು ನೋಡೋಣ. ಆಂಪ್ಲಿಫೈಯರ್ ಒಂದು ಬೋರ್ಡಿನಲ್ಲಿ, ಚಾರ್ಜರ್ ಇನ್ನೊಂದು ಬೋರ್ಡಿನಲ್ಲಿ ಇದೆ ಅಂದುಕೊಳ್ಳಿ. ಎರಡೂ ಕಡೆಯ ಅರ್ಥ್ ಒಂದೇ ವಿಭವದಲ್ಲಿ ಇರುವುದಿಲ್ಲ. ಕೆಲವೇ ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಆಡಿಯೋ ವೈರಿನ ಹೊರ ಜಾಲರಿಯಲ್ಲಿ 50 ಹರ್ಟ್ಸ್ ಪ್ರವಾಹ ಹರಿಯುತ್ತದೆ. ಮೈಕಿನ ಸಂಕೇತವೂ ಕೆಲವೇ ಮಿಲಿವೋಲ್ಟ್ ತಾನೆ? ಆಂಪ್ಲಿಫೈಯರ್‌ಗೆ ಹಾಡು ಯಾವುದು, ಗುಂಯ್ ಯಾವುದು ತಿಳಿಯದು, ಎರಡನ್ನೂ ಹಿಗ್ಗಿಸುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ.

ಇದರ ಉಲ್ಟಾ ಕಾರಣವೂ ಉಂಟು. ಗೋಡೆಯ ಸಾಕೆಟ್ಟಿನಲ್ಲಿ ಮೂರು ತೂತು ಇದ್ದರೂ ಹಿಂದೆ ಅರ್ಥ್ ವೈರೇ ಇಲ್ಲದಿರಬಹುದು. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಅರ್ಥ್‌ಗೆ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅರ್ಥ್ ಇಲ್ಲದಿದ್ದರೆ ಪೆಟ್ಟಿಗೆಯ ವಿಭವ 230 ವೋಲ್ಟಿನ ಸುಮಾರು ಅರ್ಧಕ್ಕೆ ಏರುತ್ತದೆ. ಪ್ರವಾಹ ಬಹಳ ಕಡಿಮೆ, ಆದರೆ ಕೈಗೆ ‘ಜುಂ’ ಅನ್ನುತ್ತದೆ, ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ. ಅಂದರೆ ಅರ್ಥ್ ಎರಡಾದರೂ ಸದ್ದು, ಇಲ್ಲದಿದ್ದರೂ ಸದ್ದು. ಕಾರಣ ತಿಳಿಯದೆ ಪಿನ್ ಕೀಳುವುದು, ಜ್ವರ ಯಾಕೆ ಬಂತು ಕೇಳದೆ ಥರ್ಮಾಮೀಟರ್ ಒಡೆದ ಹಾಗೆ.

ಹುಡುಕುವ ಕ್ರಮ ಸುಲಭ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಹಂತವನ್ನೂ ಮಕ್ಕಳಿಂದ ಬರೆಸಿ. ಮೊದಲು ಎಲ್ಲ ವೈರ್ ಬಿಚ್ಚಿ ಆಂಪ್ಲಿಫೈಯರ್ ಒಂದನ್ನೇ ಹಾಕಿ. ಆಗಲೂ ಗುಂಯ್ ಅಂದರೆ ದೋಷ ಅದರೊಳಗೇ ಇದೆ. ಅಲ್ಲಿ ಫಿಲ್ಟರ್ ಕೆಪಾಸಿಟರ್ ಸೋತಿದ್ದರೆ ಸಾಮಾನ್ಯವಾಗಿ 100 ಹರ್ಟ್ಸ್ ಸದ್ದು ಬರುತ್ತದೆ. ಆಮೇಲೆ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ ವೈರ್ ಹಚ್ಚಿ. ಈಗ ಸದ್ದು ಬಂದರೆ ವೈರನ್ನು ಅನುಮಾನಿಸಿ. ಮೂರನೆಯದಾಗಿ ಚಾರ್ಜರ್ ಹಾಕಿ. ಈಗ ಮಾತ್ರ ಸದ್ದು ಬಂದರೆ ಎರಡನ್ನೂ ಒಂದೇ ಬೋರ್ಡಿಗೆ ತನ್ನಿ. ನಿಂತರೆ ಅದು ಲೂಪ್. ನಿಲ್ಲದಿದ್ದರೆ ಅರ್ಥಿಂಗ್ ಅಥವಾ ಚಾರ್ಜರ್ ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಬೇಕು. ಒಂದೇ ಬೋರ್ಡು ಸಾಧ್ಯವಿಲ್ಲದ ಕಡೆ ಆಡಿಯೋ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಬಹುದು. ಅದೊಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಹಾಡು ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ಅರ್ಥ್‌ನ ದಾರಿ ಮಾತ್ರ ಕಡಿಯುತ್ತದೆ.

ಇದು ಬರೀ ಸ್ಪೀಕರಿನ ಮಾತಲ್ಲ. ಇಸಿಜಿಯಲ್ಲಿ ಹೃದಯದ ಸಂಕೇತ ಸುಮಾರು 1 ಮಿಲಿವೋಲ್ಟ್. ಗೋಡೆಯ ಕರೆಂಟು ಅದರ 2.3 ಲಕ್ಷ ಪಟ್ಟು. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುತ್ತದೆ, ಆದ್ದರಿಂದ ಒಂದು ಮಿ.ಮೀ. ಚೌಕದಲ್ಲಿ ಎರಡೆರಡು ಗರಗಸದ ಹಲ್ಲು ಕಂಡರೆ ಅದು ಹೃದಯದ್ದಲ್ಲ, 50 ಹರ್ಟ್ಸ್‌ನದು. ಎಂಟನೇ ತರಗತಿ ಮಗುವೂ ಈ ಲೆಕ್ಕ ಮಾಡಬಲ್ಲದು. ದೊಡ್ಡ ವಿಜ್ಞಾನದ ಹಾದಿಯೂ ಇದೇ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೊ ಗುರುತಿಸಿದರು. ಅಷ್ಟು ಆಳಕ್ಕೆ ಇಳಿದದ್ದು ಬೇಡವಾದ ವಿಶ್ವಕಿರಣಗಳ ಗದ್ದಲದಿಂದ ದೂರ ಹೋಗಲಿಕ್ಕೆ. ಬೇಕಾದದ್ದನ್ನೂ ಬೇಡವಾದದ್ದನ್ನೂ ಬೇರೆ ಮಾಡುವುದೇ ಅರ್ಧ ಪ್ರಯೋಗ.

ಇನ್ನು ನಮ್ಮ ನೆಲದ ವಿಷಯ. ಅರ್ಥ್ ಗುಂಡಿ ಕೆಲಸ ಮಾಡುವುದು ಮಣ್ಣಿನ ತೇವದಿಂದ. ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು ಕೊಳವೆಯಿಂದ ಸರಿಯುತ್ತದೆ. ಮಸಾರಿ, ಕಲ್ಲು ನೆಲ ಬೇಗ ಒಣಗುತ್ತದೆ. ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ಬಿಲ್ಲು ಬರೆದು ಮರೆತರೆ ಆಗದು. ಮಾರ್ಚ್ ಬಂತೆಂದರೆ ನೀರು ಹಾಕಬೇಕು. ಇನ್ನೊಂದು ಎಚ್ಚರ: ಫೇಸ್ ಮತ್ತು ಅರ್ಥ್ ನಡುವೆ ಡಿಜಿಟಲ್ ಮೀಟರ್ 230 ತೋರಿಸಿತು ಅಂತ ನೆಮ್ಮದಿ ಪಡಬೇಡಿ. ಮೀಟರ್ ಎಳೆಯುವ ಪ್ರವಾಹ ಅತಿ ಕಡಿಮೆ, ಕೆಟ್ಟ ಅರ್ಥ್ ಕೂಡ ಅದರ ಮುಂದೆ ಒಳ್ಳೆಯದೇ. ಅರ್ಥ್ ಟೆಸ್ಟರ್‌ನಿಂದಲೇ ರೋಧ ಅಳೆಸಬೇಕು. ಇದು ತಿಳಿದ ಎಲೆಕ್ಟ್ರಿಷಿಯನ್ ಕೆಲಸ, ಮಕ್ಕಳದ್ದೂ ಅಲ್ಲ, ನಮ್ಮದೂ ಅಲ್ಲ.

“ಸಿಲಬಸ್ ಮುಗಿಸೋದೇ ಕಷ್ಟ, ಇದೆಲ್ಲ ಯಾವಾಗ?” ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ವಿದ್ಯುತ್ ಪಾಠದಲ್ಲಿ ‘ಭೂಸಂಪರ್ಕ’ ಅಂತ ಹೇಗೂ ಒಂದು ಪಿರಿಯಡ್ ಹೇಳುತ್ತೇವೆ. ಮಗು ಆ ಪದ ಬಾಯಿಪಾಠ ಮಾಡುತ್ತದೆ. ಮನೆಯಲ್ಲಿ ಅಪ್ಪ ಅನ್ನುವ ‘ಅರ್ಥಿಂಗ್’ ಅದೇ ಅಂತ ಅದಕ್ಕೆ ಹೊಳೆಯುವುದಿಲ್ಲ. ಅದೇ ಪಿರಿಯಡ್‌ನಲ್ಲಿ ಸ್ಪೀಕರ್ ಹಚ್ಚಿ ತೋರಿಸಿದರೆ ಎರಡು ಪದವೂ ಒಂದಾಗುತ್ತವೆ.

ನಮ್ಮ ಸಂಘಕ್ಕೆ ನನ್ನ ವಿನಂತಿ ಇಷ್ಟೇ. ಶಾಲೆಗೆ ಹೊಸ ಉಪಕರಣ ಕೇಳುವ ಪ್ರತಿ ಅರ್ಜಿಯಲ್ಲೂ ಅರ್ಥಿಂಗ್ ತಪಾಸಣೆಯನ್ನೂ ಕೇಳೋಣ. ಅಳೆದ ದಿನಾಂಕ, ಬಂದ ಓಮ್ ಎರಡನ್ನೂ ಸ್ಟಾಕ್ ರಿಜಿಸ್ಟರಿನಲ್ಲಿ ಬರೆಯೋಣ. ನಿಮ್ಮ ಶಾಲೆಯಲ್ಲಿ ಆ ಸಾಲು ಇದೆಯೇ? ಈ ವಾರವೇ ತೆರೆದು ನೋಡ್ರಿ.