ಎದುರು ಸಾಲು ಬರಿದಾದ ಸಭೆ

ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪರಾಷ್ಟ್ರ ಗ್ರೆನಡಾದಲ್ಲಿ 2018ರ ಮಾರ್ಚ್ 13ರಂದು ಸಾರ್ವತ್ರಿಕ ಚುನಾವಣೆ ನಡೆಯಿತು. ಕೀತ್ ಮಿಚೆಲ್ ನೇತೃತ್ವದ ನ್ಯೂ ನ್ಯಾಷನಲ್ ಪಾರ್ಟಿ ಹದಿನೈದಕ್ಕೆ ಹದಿನೈದೂ ಸ್ಥಾನಗಳನ್ನು ಗೆದ್ದಿತು. 1999ರಲ್ಲಿ ಮತ್ತು 2013ರಲ್ಲಿ ಕೂಡ ಅದೇ ಪಕ್ಷ, ಅದೇ ನಾಯಕ, ಅದೇ ಫಲಿತಾಂಶ. ಇಂತಹ ಗೆಲುವನ್ನು ಪತ್ರಿಕೆಗಳು ‘ಪ್ರಚಂಡ ಜನಾದೇಶ’ವೆಂದು ಕರೆಯುವುದು ವಾಡಿಕೆ.

ಆದರೆ ಮತಗಳ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. 2018ರಲ್ಲಿ ಗೆದ್ದ ಪಕ್ಷಕ್ಕೆ ದೊರೆತದ್ದು ಸುಮಾರು ಶೇ. 59 ಮತ. ಎದುರಾಳಿ ನ್ಯಾಷನಲ್ ಡೆಮಾಕ್ರಟಿಕ್ ಕಾಂಗ್ರೆಸ್ಸಿಗೆ ಸುಮಾರು ಶೇ. 40 ಮತ ಬಂದಿತ್ತು. ಸ್ಥಾನ ಮಾತ್ರ ಸೊನ್ನೆ. ಮತ ಹಾಕಿದ ಐವರಲ್ಲಿ ಇಬ್ಬರಿಗೆ ಕೆಳಮನೆಯಲ್ಲಿ ತಾವು ಆರಿಸಿದ ದನಿಯೇ ಇಲ್ಲದಾಯಿತು.

ಇದು ಮೋಸವಲ್ಲ, ಪದ್ಧತಿಯ ಫಲ. ಬ್ರಿಟಿಷ್ ಆಳ್ವಿಕೆಯಿಂದ ಬಂದ ಈ ಕ್ರಮದಲ್ಲಿ ಪ್ರತಿ ಕ್ಷೇತ್ರದಲ್ಲಿಯೂ ಅತಿ ಹೆಚ್ಚು ಮತ ಪಡೆದವರು ಮಾತ್ರ ಗೆಲ್ಲುತ್ತಾರೆ. ಅಲ್ಪಮತವು ಒಂದೆಡೆ ನೆಲೆಗೊಂಡಿದ್ದರೆ ಒಂದೆರಡು ಸ್ಥಾನವಾದರೂ ದಕ್ಕೀತು. ಎಲ್ಲೆಡೆ ಸಮನಾಗಿ ಚದುರಿದ್ದರೆ ಏನೂ ದಕ್ಕದು. ಭಾರತದ ಲೋಕಸಭಾ ಚುನಾವಣೆಯೂ ಇದೇ ಕ್ರಮದ್ದು. 2011ರ ಜನಗಣತಿಯಂತೆ ದೇಶದಲ್ಲಿ ಸುಮಾರು 44.5 ಲಕ್ಷ ಸಂಖ್ಯೆಯಲ್ಲಿ ಹರಡಿಕೊಂಡಿರುವ ಜೈನ ಸಮಾಜಕ್ಕೆ ಈ ಗಣಿತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗ್ರೆನಡಾದಲ್ಲಿ ಈ ಕೊರತೆಯನ್ನು ತುಂಬುವ ಯತ್ನ ನಡೆಯದೆ ಇರಲಿಲ್ಲ. ಸದನದಲ್ಲಿ ವಿರೋಧ ಪಕ್ಷದ ನಾಯಕ ಇದ್ದೇ ಇರುವಂತೆ ಮಾಡುವ ತಿದ್ದುಪಡಿಯೊಂದು 2016ರ ನವೆಂಬರಿನ ಜನಮತಗಣನೆಗೆ ಬಂದ ಏಳು ಮಸೂದೆಗಳಲ್ಲಿ ಸೇರಿತ್ತು. ಏಳೂ ತಿರಸ್ಕೃತವಾದವು. 2018ರ ಚುನಾವಣೆಯ ಬಳಿಕ ಗೆದ್ದ ಪಕ್ಷದ ಸದಸ್ಯರೊಬ್ಬರೇ ಹೊರಬಂದು ಆ ಪೀಠದಲ್ಲಿ ಕುಳಿತರು. ಪೀಠವೇನೋ ತುಂಬಿತು, ಸೋತವರ ಪ್ರಾತಿನಿಧ್ಯ ತುಂಬಲಿಲ್ಲ.

2022ರ ಜೂನಿನಲ್ಲಿ ಅದೇ ಮತದಾರರು ಡಿಕನ್ ಮಿಚೆಲ್ ನೇತೃತ್ವದ ಕಾಂಗ್ರೆಸ್ಸಿಗೆ ಒಂಬತ್ತು ಸ್ಥಾನ ಕೊಟ್ಟು, ಹಳೆಯ ಆಳುವ ಪಕ್ಷವನ್ನು ಆರಕ್ಕೆ ಇಳಿಸಿದರು. ಜನರೇ ಸರಿಪಡಿಸಿದ ಮೇಲೆ ಚಿಂತೆಯೇಕೆ ಎಂದು ಕೇಳುವವರಿದ್ದಾರೆ. ಸರಕಾರವನ್ನು ಬದಲಿಸುವುದು ಒಂದು, ಅದರ ಆಳ್ವಿಕೆಯ ಕಾಲದಲ್ಲಿ ಅದನ್ನು ಪ್ರಶ್ನಿಸುವುದು ಇನ್ನೊಂದು. ಒಂಬತ್ತು ವರ್ಷಗಳ ಆಯವ್ಯಯಗಳೂ ಕಾಯಿದೆಗಳೂ ಆ ಐವರಲ್ಲಿ ಇಬ್ಬರ ಆಯ್ಕೆಯ ಒಬ್ಬ ಪ್ರತಿನಿಧಿಯೂ ಇಲ್ಲದ ಕೆಳಮನೆಯ ಮುಂದೆ ಬಂದವು. ಆ ಅವಧಿ ಮರಳಿ ಬಾರದು.

ಬಹುಮತವೂ ಒಂದು ನಯ. ಅದು ಸುಳ್ಳಲ್ಲ, ಆದರೆ ಒಂದು ನಯವನ್ನೇ ಪೂರ್ಣಸತ್ಯವೆಂದು ಹಿಡಿದು ಉಳಿದವನ್ನು ಅಲ್ಲಗಳೆದರೆ ಅದನ್ನು ಜೈನ ತರ್ಕವು ದುರ್ನಯವೆನ್ನುತ್ತದೆ. ಅನೇಕಾಂತವನ್ನು ವೇದಿಕೆಯ ಮೇಲೆ ಕೊಂಡಾಡುವ ಸಮಾಜ, ತನ್ನ ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ಊರೂರಿನ ಸಂಘಗಳಲ್ಲಿಯೂ ‘ಅವಿರೋಧ ಆಯ್ಕೆ’ಯನ್ನೇ ಹೆಮ್ಮೆಯೆಂದು ಬರೆದುಕೊಳ್ಳುತ್ತಿದ್ದರೆ, ಆ ಹೆಮ್ಮೆಯನ್ನು ಒಮ್ಮೆ ಪರೀಕ್ಷಿಸುವುದು ಒಳಿತು. ಸೋತ ಬಣಕ್ಕೆ ಮಂಡಳಿಯಲ್ಲಿ ಒಂದೆರಡು ಸ್ಥಾನ, ಭಿನ್ನಮತಕ್ಕೆ ನಡಾವಳಿ ಪುಸ್ತಕದಲ್ಲಿ ಒಂದು ಪುಟ, ಲೆಕ್ಕಪತ್ರ ಕೇಳುವ ಹಕ್ಕು: ಇವಿಷ್ಟನ್ನು ನಿಯಮಾವಳಿಯಲ್ಲಿ ಸೇರಿಸಲು ಯಾವ ಜನಮತಗಣನೆಯೂ ಬೇಕಿಲ್ಲ. ಮುಂದಿನ ಮಹಾಸಭೆಯೊಂದರ ಠರಾವು ಸಾಕು.