ಆಫ್ರಿಕಾದ ಅದಿರು ಹಡಗು ಹತ್ತಬೇಕೇ, ಕುಲುಮೆಗೆ ಇಳಿಯಬೇಕೇ?

ಗಿನಿ ದೇಶದ ಆಗ್ನೇಯ ಮೂಲೆಯಲ್ಲಿರುವ ಸಿಮಾಂಡು ಬೆಟ್ಟಸಾಲಿನ ಗಣಿ 2025ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ಶೇ 65ರ ಆಸುಪಾಸು ಕಬ್ಬಿಣದ ಅಂಶವಿರುವ ಅದಿರು, ಅದನ್ನು ಕಡಲಿಗೆ ಮುಟ್ಟಿಸಲು 600 ಕಿ.ಮೀ.ಗೂ ಹೆಚ್ಚು ಉದ್ದದ ಹೊಸ ರೈಲು ಮಾರ್ಗ, ಅದರ ತುದಿಗೊಂದು ಹೊಸ ಬಂದರು. ಪೂರ್ಣ ಪ್ರಮಾಣಕ್ಕೆ ಬಂದಾಗ ವರ್ಷಕ್ಕೆ 12 ಕೋಟಿ ಟನ್ ತೆಗೆಯುವ ಗುರಿಯಿದೆ. ಬಹುಪಾಲು ಚೀನಾಕ್ಕೆ ಹೋಗುತ್ತದೆ. ಮಾರಿಟೇನಿಯಾ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಹಳೆಯದಾಗಿದ್ದ ಜಗಳವೊಂದಕ್ಕೆ ಇದರಿಂದ ಮತ್ತೆ ಜೀವ ಬಂದಿದೆ. ಕಚ್ಚಾ ಅದಿರಿನ ರಫ್ತನ್ನು ಆಫ್ರಿಕಾದ ದೇಶಗಳು ನಿಷೇಧಿಸಬೇಕೇ?

ಪರ: ನಿಷೇಧಿಸಲಿ, ಇನ್ನು ಎಷ್ಟು ಕಾಲ ಕಾಯುವುದು?

ಮಾರಿಟೇನಿಯಾದ ಅದಿರು ರೈಲಿನ ವಿಡಿಯೊವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಎರಡು ಕಿ.ಮೀ.ಗೂ ಉದ್ದದ ರೈಲು, ಸಹಾರಾದ ಮರಳಿನ ನಡುವೆ ಝುಯೆರಾಟ್ ಗಣಿಯಿಂದ ನುವಾದಿಬು ಬಂದರಿಗೆ ಸುಮಾರು 700 ಕಿ.ಮೀ. ಓಡುತ್ತದೆ. ಅದಿರಿನ ರಾಶಿಯ ಮೇಲೆ, ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಬಟ್ಟೆ ಸುತ್ತಿಕೊಂಡ ಜನ ತಮ್ಮ ಮೇಕೆ, ಮೂಟೆಗಳ ಜತೆ ಕುಳಿತಿರುತ್ತಾರೆ. ಪ್ರವಾಸಿಗರಿಗೆ ಅದೊಂದು ಸಾಹಸ, ಅಲ್ಲಿನವರಿಗೆ ಬೇರೆ ದಾರಿಯಿಲ್ಲ. 1963ರಿಂದ ಅದಿರು ಹೀಗೇ ಹಡಗು ಹತ್ತುತ್ತಿದೆ. 1974ರಲ್ಲಿ ಗಣಿ ರಾಷ್ಟ್ರೀಕರಣವಾಯಿತು. ಮಾಲೀಕ ಬದಲಾದ, ಮಾಡುವ ವ್ಯಾಪಾರ ಬದಲಾಗಲಿಲ್ಲ.

ಲೈಬೀರಿಯಾದ ಕತೆ ಇನ್ನೂ ಕೆಟ್ಟದ್ದು. ಬೋಮಿ ಬೆಟ್ಟದ ಅದಿರು 1951ರಲ್ಲಿ, ನಿಂಬಾದ್ದು 1963ರಲ್ಲಿ ಹಡಗು ಹತ್ತಿತು. ಅರವತ್ತರ ದಶಕದಲ್ಲಿ ಅದು ಆಫ್ರಿಕಾದಲ್ಲೇ ಅತಿ ಹೆಚ್ಚು ಅದಿರು ಕಳಿಸುವ ದೇಶವಾಗಿತ್ತು. ಅಲ್ಲಿನ ಆರ್ಥಿಕತೆ ಪರೀಕ್ಷಿಸಿದ ಅಮೆರಿಕದ ಅರ್ಥಶಾಸ್ತ್ರಜ್ಞರು 1966ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಇಟ್ಟ ಹೆಸರೇ ‘ಅಭಿವೃದ್ಧಿಯಿಲ್ಲದ ಬೆಳವಣಿಗೆ’ ಎಂಬ ಅರ್ಥದ್ದು. 1989ರಲ್ಲಿ ಅಂತರ್ಯುದ್ಧ ಶುರುವಾಗಿ ಇದ್ದಬದ್ದ ಗಣಿಗಾರಿಕೆಯೂ ನೆಲಕಚ್ಚಿತು. ಬೋಮಿಯ ಗಣಿ ಗುಂಡಿಯಲ್ಲಿ ಈಗ ನೀರು ತುಂಬಿ ನೀಲಿ ಕೆರೆಯಾಗಿದೆ, ಜನ ಫೋಟೊ ತೆಗೆಸಿಕೊಳ್ಳಲು ಹೋಗುತ್ತಾರೆ.

ಅದಿರು ಕರಗಿಸುವ ವಿದ್ಯೆ ಆ ಖಂಡಕ್ಕೆ ಹೊಸತೇ? ನೈಜೀರಿಯಾದ ನೋಕ್ ಜನ ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಕಬ್ಬಿಣ ಕರಗಿಸುತ್ತಿದ್ದರು. ಬುರ್ಕಿನಾ ಫಾಸೊದ ಪುರಾತನ ಮಣ್ಣಿನ ಕುಲುಮೆಗಳು 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ. ಇವತ್ತು ಜಗತ್ತಿನ ಉಕ್ಕಿನಲ್ಲಿ ಆಫ್ರಿಕಾದ ಪಾಲು ನೂರಕ್ಕೆ ಒಂದೆರಡು. ಟನ್ ಅದಿರಿಗೆ 100 ಡಾಲರ್ ಆಜುಬಾಜು ಸಿಕ್ಕರೆ ಟನ್ ಉಕ್ಕಿಗೆ ಅದರ ನಾಲ್ಕೈದು ಪಟ್ಟು ಬೆಲೆ. ಕೆಲಸ, ಕಸಬು, ತೆರಿಗೆ ಎಲ್ಲ ಇರುವುದು ಆ ನಡುವಿನ ಅಂತರದಲ್ಲಿ.

ಕಲ್ಲಿದ್ದಲು ಎಲ್ಲಿದೆ ಎಂದು ಕೇಳುತ್ತಾರೆ. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿಸಿದಾಗ ಮೈಸೂರು ಸಂಸ್ಥಾನದಲ್ಲೂ ಕಲ್ಲಿದ್ದಲು ಇರಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರನ್ನು ಮರದ ಇದ್ದಿಲಿನಲ್ಲಿ ಕರಗಿಸಿದರು. ಬೀಡು ಕಬ್ಬಿಣದ ಬೆಲೆ ಕುಸಿದು ನಷ್ಟವಾದಾಗ ವಿಶ್ವೇಶ್ವರಯ್ಯ ಹೊಣೆ ಹೊತ್ತು ಕಾರ್ಖಾನೆಯನ್ನು ದಡ ಸೇರಿಸಿದರು. ಈಗಂತೂ ಇದ್ದಿಲೂ ಬೇಡ. ಅನಿಲದಿಂದ ಸ್ಪಾಂಜ್ ಐರನ್ (ಉಕ್ಕಿನ ಕಚ್ಚಾವಸ್ತುವಾದ ಕಬ್ಬಿಣ) ಮಾಡುವ ವಿಧಾನಕ್ಕೆ ಬೇಕಿರುವುದು ಸಿಮಾಂಡುವಿನಂಥ ಉತ್ತಮ ದರ್ಜೆಯ ಅದಿರೇ. ಸೆನೆಗಲ್–ಮಾರಿಟೇನಿಯಾ ಕಡಲಗಡಿಯ ಅನಿಲ ಬಾವಿಗಳು 2025ರಲ್ಲಿ ಬಾಯಿ ತೆರೆದಿವೆ.

ಪಟ್ಟು ಹಿಡಿದರೆ ಕಂಪನಿಗಳು ಬಗ್ಗುತ್ತವೆ ಎಂಬುದಕ್ಕೆ ಗಿನಿಯೇ ಸಾಕ್ಷಿ. 2022ರಲ್ಲಿ ಅಲ್ಲಿನ ಸೇನಾ ಸರ್ಕಾರ ಕೆಲಸ ನಿಲ್ಲಿಸಿ, ರೈಲು–ಬಂದರನ್ನು ಎಲ್ಲರೂ ಸೇರಿ ಕಟ್ಟಬೇಕು, ಅದರಲ್ಲಿ ನಮಗೂ ಪಾಲು ಬೇಕು ಎಂದಿತು. ಶೇ 15ರಷ್ಟು ಪಾಲು ಸಿಕ್ಕಿತು. ಇಂಡೊನೇಷ್ಯಾ 2020ರಲ್ಲಿ ನಿಕ್ಕಲ್ ಅದಿರಿನ ರಫ್ತು ನಿಲ್ಲಿಸಿದಾಗ ಚೀನಾದ ಕಂಪನಿಗಳು ಕುಲುಮೆಯನ್ನೇ ಅಲ್ಲಿಗೆ ಹೊತ್ತು ತಂದವು.

ಕರಾವಳಿಯ ಓದುಗರಿಗೆ ಒಂದು ಮಾತು. ಕುದುರೆಮುಖದ ಗಣಿಯೂ ಹುಟ್ಟಿದ್ದು ಇರಾನಿಗೆ ಅದಿರು ಕಳಿಸಲೆಂದೇ. 1979ರ ಕ್ರಾಂತಿಯಲ್ಲಿ ಗಿರಾಕಿಯೇ ಕೈತಪ್ಪಿದ. 2005ರ ಕೊನೆಗೆ ಗಣಿ ಮುಚ್ಚಿತು, ಬೆಟ್ಟದ ಮೇಲಿನ ಟೌನ್‌ಶಿಪ್ ಪಾಳುಬಿತ್ತು. ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಪಣಂಬೂರಿನ ಪೆಲೆಟ್ ಕಾರ್ಖಾನೆ ಮಾತ್ರ ಹೊರ ರಾಜ್ಯದ ಅದಿರು ತರಿಸಿಕೊಂಡು, ಕುಂಟುತ್ತಲಾದರೂ ನಡೆದಿದೆ. ಗಣಿ ಹೋದ ಮೇಲೆ ಉಳಿಯುವುದು ಯಾವುದು ಎಂದು ಇನ್ನೂ ಬಿಡಿಸಿ ಹೇಳಬೇಕೇ?

ವಿರೋಧ: ನಿಷೇಧದಿಂದ ಕುಲುಮೆ ಹೊತ್ತಿಕೊಳ್ಳುವುದಿಲ್ಲ

ನೈಜೀರಿಯಾದ ಅಜಾವೊಕುಟಾಗೆ ಹೋಗೋಣ. ನೈಜರ್ ನದಿಯ ದಂಡೆಯಲ್ಲಿ ಸೋವಿಯತ್ ನೆರವಿನಿಂದ ಉಕ್ಕಿನ ಕಾರ್ಖಾನೆ ಕಟ್ಟಲು 1979ರಲ್ಲಿ ಕಂಪನಿ ಶುರುವಾಯಿತು. ಹತ್ತಿರದ ಇಟಾಕ್ಪೆಯಲ್ಲಿ ಅದಿರಿದೆ. ದೇಶದ ತುಂಬ ಅನಿಲ, ತೈಲದ ದುಡ್ಡು, ದೊಡ್ಡ ಜನಸಂಖ್ಯೆ. ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಕಟ್ಟಡ ಕೆಲಸ ಬಹುಪಾಲು ಮುಗಿದಿತ್ತು ಎನ್ನುತ್ತಾರೆ. ಊದುಕುಲುಮೆಯಿಂದ ಇವತ್ತಿನವರೆಗೆ ಒಂದು ಟನ್ ಕಬ್ಬಿಣವೂ ಬಂದಿಲ್ಲ. 2004ರಲ್ಲಿ ಭಾರತೀಯ ಉದ್ಯಮಿಯೊಬ್ಬರ ಕಂಪನಿಗೆ ವಹಿಸಿದರು, 2008ರಲ್ಲಿ ಒಪ್ಪಂದ ಮುರಿದರು, 2022ರಲ್ಲಿ ಪರಿಹಾರವೆಂದು 49.6 ಕೋಟಿ ಡಾಲರ್ ಕೊಡಲು ಒಪ್ಪಿದರು. ಅದಿರು, ಕಾರ್ಖಾನೆ, ಬಂದರುಪಟ್ಟಣ ವಾರ್ರಿಗಳನ್ನು ಜೋಡಿಸಲು 1987ರಲ್ಲಿ ಶುರುವಾದ ರೈಲು ಮಾರ್ಗ 2020ರಲ್ಲಿ ಉದ್ಘಾಟನೆಯಾಗಿ ಪ್ರಯಾಣಿಕರನ್ನು ಒಯ್ಯುತ್ತಿದೆ. ಅಷ್ಟರಮಟ್ಟಿಗೆ ಲಾಭ ಎನ್ನಿ.

ದಕ್ಷಿಣ ಆಫ್ರಿಕಾ ಆ ಖಂಡದಲ್ಲಿ ಉಕ್ಕಿನ ಹಳೆ ಕುಳ. ಅಲ್ಲಿನ ಸರ್ಕಾರಿ ಉಕ್ಕು ಕಂಪನಿ ಶುರುವಾದದ್ದು 1928ರಲ್ಲಿ. ಸಿಶೆನ್ ಗಣಿಯ ಅದಿರು 861 ಕಿ.ಮೀ. ಹಳಿಯ ಮೇಲೆ ಸಾಲ್ಡಾನಾ ಬಂದರಿಗೆ ಬರುತ್ತದೆ. ಆ ಬಂದರಿನ ಮಗ್ಗುಲಲ್ಲೇ ಇದ್ದ ಉಕ್ಕಿನ ಕಾರ್ಖಾನೆ 2020ರಲ್ಲಿ ಬಾಗಿಲು ಹಾಕಿತು. ಮನೆ ಬಾಗಿಲಿಗೆ ಅದಿರು ಬರುತ್ತಿದ್ದರೂ ವಿದ್ಯುತ್ ಮತ್ತು ಸಾಗಣೆಯ ಖರ್ಚು ತಾಳಲಾಗಲಿಲ್ಲ. ಖಂಡದ ಇನ್ನೊಂದು ತುದಿಯ ಆಲ್ಜೀರಿಯಾ ನೋಡಿ. ಅಲ್ಲಿನ ಒರಾನ್ ಬಳಿ ಟರ್ಕಿಯ ಕಂಪನಿಯೊಂದು ಅನಿಲ ಬಳಸಿ ಸ್ಪಾಂಜ್ ಐರನ್ ಮಾಡುತ್ತಿದೆ. ಅದು ಬೆಳೆದದ್ದು ಬಹುಪಾಲು ಹೊರದೇಶದ ಅದಿರು ತರಿಸಿಕೊಂಡು. ಅನಿಲ, ವಿದ್ಯುತ್, ಉಕ್ಕು ಕೊಳ್ಳುವ ಜನ ಇದ್ದರೆ ಅದಿರನ್ನು ಎಲ್ಲಿಂದಲಾದರೂ ತರಿಸಬಹುದು ಎಂದಾಯಿತು. ಪರ ವಾದಿಗಳ ಹೊಗಳಿಕೆಯ ಅನಿಲ ಬಾವಿಗಳಿಂದ ಸಿಮಾಂಡು ಎಷ್ಟು ದೂರವಿದೆ ಎಂದು ಭೂಪಟ ಬಿಚ್ಚಿ ನೋಡಲಿ.

ಇಂಡೊನೇಷ್ಯಾದ ಉದಾಹರಣೆ ಇಲ್ಲಿ ನಡೆಯುವುದಿಲ್ಲ. ನಿಕ್ಕಲ್ ವಿಚಾರದಲ್ಲಿ ಅದು ಜಗತ್ತಿನ ಯಜಮಾನ, ಕುಲುಮೆಗೆ ಬೇಕಾದ ಕಲ್ಲಿದ್ದಲೂ ಅದರ ನೆಲದಲ್ಲೇ ಇದೆ. ಕಬ್ಬಿಣದ ಅದಿರಿನ ಯಜಮಾನರು ಆಸ್ಟ್ರೇಲಿಯಾದ ಪಿಲ್ಬಾರಾ ಮತ್ತು ಬ್ರೆಜಿಲ್‌ನ ಕರಾಜಾಸ್. ಗಿನಿ ಬಾಗಿಲು ಹಾಕಿದರೆ ಚೀನಾ ಅವರ ಅಂಗಡಿಗೆ ಹೋಗುತ್ತದೆ, ಅಷ್ಟೇ. ಮಾಡಿದ ಉಕ್ಕನ್ನಾದರೂ ಯಾರಿಗೆ ಮಾರುವುದು? 2024ರಲ್ಲಿ ಚೀನಾ ಒಂದೇ 11 ಕೋಟಿ ಟನ್ನಿನಷ್ಟು ಉಕ್ಕನ್ನು ಹೊರಗೆ ಕಳಿಸಿದೆ.

ಭದ್ರಾವತಿಯ ಹೆಮ್ಮೆ ನಮಗೂ ಇದೆ. ಆದರೆ ಮೈಸೂರು ಅದನ್ನು ಕಟ್ಟಿದ್ದು ಅದಿರು ನಿಷೇಧದಿಂದಲ್ಲ, ಖಜಾನೆಯ ದುಡ್ಡಿನಿಂದ ಮತ್ತು ಮಲೆನಾಡಿನ ಮರಗಳಿಂದ. ಆ ಮರಗಳ ಲೆಕ್ಕ ಪರ ವಾದದಲ್ಲಿ ಬರಲಿಲ್ಲ. ಅದೇ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ ಹೊರಬಿತ್ತೆಂಬುದೂ ಬರಲಿಲ್ಲ. ಕರ್ನಾಟಕ 2010ರಲ್ಲಿ ಅದಿರು ರಫ್ತು ನಿಷೇಧಿಸಿತ್ತಲ್ಲ ಎನ್ನುವವರೂ ಇದ್ದಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಅದಕ್ಕಿಂತ ಎಷ್ಟೋ ಮೊದಲಿನದು. ಅದು ಬೆಳೆದದ್ದು ದೇಶದೊಳಗೆ ಉಕ್ಕಿಗೆ ಬೇಡಿಕೆಯಿದ್ದುದರಿಂದ. ನಿಷೇಧ ಬಂದದ್ದು ಕಳ್ಳ ಗಣಿಗಾರಿಕೆ ತಡೆಯಲು. ಸುಪ್ರೀಂ ಕೋರ್ಟ್ 2022ರಲ್ಲಿ ರಫ್ತಿಗೆ ಮತ್ತೆ ಅವಕಾಶ ಕೊಟ್ಟಿತು.

ಇನ್ನು ತಡಮಾಡುವುದಕ್ಕೂ ಬೆಲೆಯಿದೆ. ಗಣಿ ಕಂಪನಿ ರಿಯೊ ಟಿಂಟೊ ಸಿಮಾಂಡುವಿನಲ್ಲಿ ಅದಿರು ಹುಡುಕಲು ಪರವಾನಗಿ ಪಡೆದದ್ದು 1997ರಲ್ಲಿ. 2008ರಲ್ಲಿ ಅರ್ಧ ಬೆಟ್ಟವನ್ನು ಕಿತ್ತು ಬೇರೆಯವರಿಗೆ ಕೊಟ್ಟರು, 2014ರಲ್ಲಿ ಅವರಿಂದಲೂ ಕಿತ್ತರು, ಆ ಹಂಚಿಕೆಯ ಲಂಚದ ಪ್ರಕರಣದಲ್ಲಿ 2021ರಲ್ಲಿ ಜಿನೀವಾದ ನ್ಯಾಯಾಲಯ ವಜ್ರೋದ್ಯಮಿ ಬೆನಿ ಸ್ಟೈನ್‌ಮೆಟ್ಸ್‌ಗೆ ಶಿಕ್ಷೆ ವಿಧಿಸಿತು. ಈ ವ್ಯಾಜ್ಯದ ಕಡತಗಳೇ ಒಂದು ವ್ಯಾಗನ್ ತುಂಬಬಹುದು. ಅಷ್ಟೂ ವರ್ಷ ಬೆಟ್ಟದ ಬುಡದ ಹಳ್ಳಿಗಳಿಗೆ ಗಣಿಯೂ ಇಲ್ಲ, ರಸ್ತೆಯೂ ಇಲ್ಲ.

ಪರ ವಾದದ ಒಂದು ಮಾತು ಒಪ್ಪುತ್ತೇವೆ: ಗಿನಿ ರೈಲಿಗಾಗಿ ಹಿಡಿದ ಪಟ್ಟು ಸರಿ. ಹಳಿ ಇದ್ದರೆ ಕಾಫಿ, ಮರ, ಜನ ಎಲ್ಲವೂ ಓಡಾಡುತ್ತವೆ. 35 ವರ್ಷಗಳ ನಂತರ ಅದು ದೇಶದ್ದೇ ಆಗುತ್ತದೆ. ಕೇಳಬೇಕಾದದ್ದು ಅಂಥದ್ದನ್ನು. ಮೊದಲು ವಿದ್ಯುತ್, ಆಮೇಲೆ ಪೆಲೆಟ್, ಲೆಕ್ಕ ಕೂಡಿಬಂದರೆ ಉಕ್ಕು. ಅಲ್ಲಿಯವರೆಗೆ ಹಡಗು ಹತ್ತುವ ಅದಿರಿನ ತೂಕ, ದರ್ಜೆ, ದರ, ರಾಜಧನವನ್ನು ಗಿನಿ ಸರ್ಕಾರ ಪ್ರತಿ ತಿಂಗಳೂ ಜನರ ಮುಂದಿಡಲಿ. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರೇ 2010ರಲ್ಲಿ ಹಡಗು ಹತ್ತಿ ಹೋದದ್ದನ್ನು ಕಂಡ ನಾವು, ಬೇರೆ ದೇಶಕ್ಕೆ ಧೈರ್ಯವಾಗಿ ಹೇಳಬಹುದಾದ ಬುದ್ಧಿಮಾತು ಇದೊಂದೇ: ತೂಕದ ಯಂತ್ರದ ಕೀಲಿ ಗಣಿ ಕಂಪನಿಯ ಕೈಯಲ್ಲಿ ಬಿಡಬೇಡಿ.