ಮೀನಿನ ತುತ್ತು, ಗಿಡದ ಪಾಲು

ಮೀನು ಸಾಕಿದ ತೊಟ್ಟಿಯ ನೀರನ್ನು ಗಿಡಗಳಿಗೆ ಹಾಯಿಸಿ, ಗಿಡಗಳು ತಿಳಿಗೊಳಿಸಿದ ನೀರನ್ನು ಮರಳಿ ತೊಟ್ಟಿಗೆ ಬಿಡುವ ಪದ್ಧತಿಗೆ ಅಕ್ವಾಪೋನಿಕ್ಸ್ ಎಂದು ಹೆಸರು. ಮಣ್ಣು ಬೇಡ, ನೀರಿನ ಖರ್ಚೂ ಕಡಿಮೆ. ಆದರೆ ಎಷ್ಟು ಮೀನಿಗೆ ಎಷ್ಟು ಗಿಡ? ಲೆಕ್ಕ ತಪ್ಪಿದರೆ ಮೀನು ಸಾಯುತ್ತದೆ, ಇಲ್ಲವೇ ಗಿಡ ಸೊರಗುತ್ತದೆ.

ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪದಲ್ಲಿ ಸಿಹಿನೀರಿಗೆ ಬರ. ಚಾವಣಿಯ ಮಳೆನೀರನ್ನು ಜನ ಹಿಡಿದಿಟ್ಟು ಬಳಸುತ್ತಾರೆ. ಅಲ್ಲಿನ ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಿಂದ ಜೇಮ್ಸ್ ರಾಕೊಸಿ ಮತ್ತು ಸಂಗಡಿಗರು ತಿಲಾಪಿಯಾ (ಕರ್ನಾಟಕದಲ್ಲಿ ಇದು ಜಿಲೇಬಿ ಮೀನು) ಸಾಕಿ, ಅದೇ ನೀರಿನಲ್ಲಿ ಲೆಟ್ಯೂಸ್, ಕಾಮಕಸ್ತೂರಿ ಬೆಳೆದರು. ಅವರು ಮೀನುಗಳನ್ನು ಎಣಿಸಲಿಲ್ಲ, ಮೀನಿಗೆ ಹಾಕುವ ಆಹಾರವನ್ನು ತೂಗಿದರು. ತೇಲುಹಲಗೆಯ ಮೇಲೆ ಬೆಳೆಯುವ ಪ್ರತಿ ಚದರ ಮೀಟರ್ ಗಿಡಗಳಿಗೆ ದಿನಕ್ಕೆ 60ರಿಂದ 100 ಗ್ರಾಂ ಆಹಾರ. ಇದು ಅವರು ಕಂಡುಕೊಂಡ ಸೂತ್ರ.

ಆಹಾರದ ತೂಕವೇ ಏಕೆ? ಶೇಕಡ 32ರಷ್ಟು ಪ್ರೋಟೀನ್ ಇರುವ 100 ಗ್ರಾಂ ಆಹಾರದಲ್ಲಿ ಸುಮಾರು 5 ಗ್ರಾಂ ಸಾರಜನಕವಿರುತ್ತದೆ. ಮೀನಿನ ಮೈಗೆ ಹತ್ತುವುದು ಅದರಲ್ಲಿ ಕಾಲುಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಉಳಿದದ್ದರಲ್ಲಿ ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ಆಗಿ ನೀರು ಸೇರುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಿದಾಗ ಗಿಡಕ್ಕೆ ಗೊಬ್ಬರ ಸಿದ್ಧ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು ನಾಲ್ಕಾರು ವಾರ ಬೇಕು. ಆತುರಪಟ್ಟು ಮೊದಲ ದಿನವೇ ತೊಟ್ಟಿ ತುಂಬ ಮೀನು ಬಿಟ್ಟವರು, ಕೆಲವೇ ದಿನಗಳಲ್ಲಿ ಸತ್ತ ಮೀನುಗಳನ್ನು ಎತ್ತಿ ಹಾಕಬೇಕಾದೀತು.

ಮೀನು ಬೆಳೆದಂತೆ ತಿನ್ನುವುದೂ ಹೆಚ್ಚುತ್ತದೆ. ಎಲ್ಲವನ್ನೂ ಒಮ್ಮೆಗೇ ಹಿಡಿದರೆ ಗಿಡಗಳಿಗೆ ಉಪವಾಸ. ಆದ್ದರಿಂದ ಸೇಂಟ್ ಕ್ರಾಯ್‌ನಲ್ಲಿ ನಾಲ್ಕು ತೊಟ್ಟಿಗಳಲ್ಲಿ ಬೇರೆ ಬೇರೆ ವಯಸ್ಸಿನ ಮೀನು ಸಾಕಿ, 6 ವಾರಕ್ಕೊಮ್ಮೆ ಒಂದು ತೊಟ್ಟಿಯನ್ನಷ್ಟೇ ಖಾಲಿ ಮಾಡಿದರು. ಒಟ್ಟು ಆಹಾರದಲ್ಲಿ ಭಾರಿ ಏರಿಳಿತವಾಗಲಿಲ್ಲ.

ಸಾರಜನಕ ಸಾಕಷ್ಟಿದ್ದರೂ ಗಿಡಕ್ಕೆ ಬೇಕಾದಷ್ಟು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಬ್ಬಿಣ ಮೀನಿನ ಆಹಾರದಿಂದ ದೊರೆಯದು. ಜೊತೆಗೆ ಬ್ಯಾಕ್ಟೀರಿಯಾಗಳ ಕೆಲಸದಿಂದ ನೀರು ದಿನೇ ದಿನೇ ಆಮ್ಲೀಯವಾಗುತ್ತದೆ. ಅಲ್ಲಿ ಒಮ್ಮೆ ಸುಣ್ಣ, ಇನ್ನೊಮ್ಮೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೇರಿಸಿ ಪಿಎಚ್ ಅನ್ನು 7ರ ಆಸುಪಾಸಿನಲ್ಲಿ ಇಟ್ಟರು. ಆಮ್ಲವೂ ತಗ್ಗಿತು, ಎರಡರ ಕೊರತೆಯೂ ನೀಗಿತು. ಕಬ್ಬಿಣವನ್ನು ಮಾತ್ರ ಬೇರೆಯಾಗಿಯೇ ಕೊಡಬೇಕಾಯಿತು.

ಎಳೆಯ ಎಲೆ ಹಳದಿಯಾಗಿ, ನರಗಳಷ್ಟೇ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯ ಗುರುತು. ಗಿಡ ಹಸಿದಿದೆಯೆಂದು ಆಗ ಮೀನಿಗೆ ಇನ್ನೊಂದು ಹಿಡಿ ಆಹಾರ ಎಸೆದರೆ ಎಲೆ ಹಸಿರಾಗದು. ಹೆಚ್ಚುವುದು ಅಮೋನಿಯಾ ಮಾತ್ರ.